ಹೋಟೆಲು ಬಿಟ್ಟೆವು, ಕೈಸನ್ನೆ ಬಿಡಲಿಲ್ಲ

ಬ್ರಹ್ಮಾವರದ ಟೀಚರ್ ಫೋನು ಮಾಡಿದರೆ ಮೊದಲು ಊಟದ ವಿಷಯ ಕೇಳುವವರು. ಆ ದಿನ ಕೇಳಲಿಲ್ಲ.

"ಅಣ್ಣ, ನಾನ್ ಕದ್ದದ್ದ್ ಅಂಬ್ರ್."

"ಎಂತ ಕದ್ದದ್ದ್?"

"ನಂದೇ ಪುಸ್ತಕ."

ನಾನು ನಗಲು ಹೊರಟವನು ಆಚೆಯಿಂದ ನಗು ಬರದ್ದು ಗೊತ್ತಾಗಿ ಸುಮ್ಮನಾದೆ.

ವಿಷಯ ಏನೆಂದು ಹೇಳಬೇಕಾದರೆ ಆಟದಿಂದ ಶುರು ಮಾಡಬೇಕು. ಕುಂದಾಪುರದಲ್ಲಿ ನನ್ನದೊಂದು ಎರಡು ಕೋಣೆಯ ಪ್ರಕಾಶನ. ಮಕ್ಕಳ ಗೈಡು, ಸಂಘದ ಸ್ಮರಣ ಸಂಚಿಕೆ ಇಂಥವುಗಳ ನಡುವೆ ನಾವೊಂದು ಆಟದ ಪುಸ್ತಕವನ್ನೂ ತಂದಿದ್ದೆವು. ನಾಲ್ಕೈದು ಜನ ಮೇಜಿನ ಸುತ್ತ ಕೂರಬೇಕು. ಒಬ್ಬರು ಕತೆ ನಡೆಸುವವರು, ಉಳಿದವರು ಒಂದೊಂದು ಪಾತ್ರ. ಪಾತ್ರ ಏನಾದರೂ ಕಷ್ಟದ ಕೆಲಸಕ್ಕೆ ಕೈ ಹಾಕಿದರೆ ಕವಡೆ ಎಸೆಯಬೇಕು. ಬಿದ್ದ ಹಾಗೆ ಕತೆ ತಿರುಗುತ್ತದೆ. ವೇಷ ಕಟ್ಟದೆ ಕೂತಲ್ಲೇ ಪಾತ್ರವಾಗಿ ಮಾತಾಡುವುದು ನಮ್ಮ ಕಡೆಯವರಿಗೆ ಹೊಸತಲ್ಲವಾದ್ದರಿಂದ ಪುಸ್ತಕ ಮೆಲ್ಲಗೆ ನಡೆಯಿತು.

ಅದರಲ್ಲಿ ಮೂರು ಭಾಗ. ಆಟದ ನಿಯಮ ಬರೆದದ್ದು ನಾನು. ಎರಡನೆಯದು ಹೋಟೆಲು ಅಧ್ಯಾಯ. ಕೋಟೇಶ್ವರದ ಹಿರಿಯರೊಬ್ಬರು, ನಾವೆಲ್ಲ ಮಾವ ಎಂದೇ ಕರೆಯುವವರು, ಮುಂಬಯಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುವಲ್ಲಿಂದ ಹಣ ಎಣಿಸುವ ಗಲ್ಲೆಯವರೆಗೆ ದುಡಿದು ಬಂದವರು, ಅದನ್ನೇ ಆಟವಾಗಿ ಹೇಳಿ ಬರೆಸಿದ್ದರು. ರಾಕ್ಷಸರಿಲ್ಲ, ಗುಹೆಯಿಲ್ಲ. ಬೆಳಗಿನ ಗಿರಾಕಿಗಳ ನೂಕುನುಗ್ಗಲು, ಹಿಟ್ಟು ಹುಳಿಬಾರದ ದಿನ, ಅಡುಗೆಭಟ್ಟರ ಸಿಟ್ಟು. ಆಡಿದವರೆಲ್ಲ ಮೊದಲು ಕೇಳುತ್ತಿದ್ದುದು ಅದನ್ನೇ. ಮೂರನೆಯದು ಎರಡನೇ ಮುದ್ರಣದಲ್ಲಿ ಸೇರಿದ ಟೀಚರ ಕೈಸನ್ನೆ ಅಧ್ಯಾಯ. ಅವರು ಕಿವಿ ಕೇಳದ, ಮಾತು ಬಾರದ ಮಕ್ಕಳ ಶಾಲೆಯಲ್ಲಿ ಕಲಿಸುವವರು. "ನನ್ನ ಸರದಿ", "ನಿಲ್ಲಿ", "ಇನ್ನೊಮ್ಮೆ ಹೇಳಿ", "ನನಗೆ ಒಪ್ಪಿಗೆ ಇಲ್ಲ" ಹೀಗೆ ಒಂದೊಂದಕ್ಕೂ ಒಂದು ಕೈಸನ್ನೆ ಗೊತ್ತುಮಾಡಿ, ಒಂದು ಮಾತೂ ಆಡದೆ ಇಡೀ ಕತೆ ನಡೆಸುವ ಕ್ರಮ ಕಟ್ಟಿದ್ದರು. ತಮ್ಮ ಶಾಲೆಯ ಮಕ್ಕಳ ಕೈಯಲ್ಲಿ ಆಡಿಸಿ, ಬಿಟ್ಟು, ತಿದ್ದಿ, ಮತ್ತೆ ಆಡಿಸಿ ಬರೆದದ್ದು.

ಇಡೀ ಪುಸ್ತಕವನ್ನು ನಾವು ಮುಕ್ತ ಪರವಾನಗಿಯಲ್ಲಿ ಹೊರಡಿಸಿದ್ದೆವು. ಅಂದರೆ ಯಾರು ಬೇಕಾದರೂ ನಕಲು ಮಾಡಬಹುದು, ಬದಲಿಸಬಹುದು, ಮಾರಲೂಬಹುದು. ನಮ್ಮನ್ನು ಕೇಳಬೇಕಿಲ್ಲ. ಕಟ್ಟುಪಾಡು ಮೂರೇ: ಬರೆದವರ ಹೆಸರು ಹಾಕಬೇಕು, ಬದಲಿಸಿದ್ದರೆ ಬದಲಿಸಿದ್ದೇವೆಂದು ಹೇಳಬೇಕು, ಹಾಗೆ ಮಾಡಿದ್ದನ್ನು ಅವರೂ ಇದೇ ಪರವಾನಗಿಯಲ್ಲಿ ಬಿಟ್ಟುಕೊಡಬೇಕು. ಮುರಿದರೆ ಪರವಾನಗಿ ತಾನಾಗಿ ಬಿದ್ದುಹೋಗುತ್ತದೆ. ತಪ್ಪು ಗೊತ್ತಾದ ಮೇಲೆ ಒಂದು ತಿಂಗಳೊಳಗೆ ಸರಿಪಡಿಸಿದರೆ ಮತ್ತೆ ಏಳುತ್ತದೆ.

ಈಗ ಆದದ್ದಿಷ್ಟು. ದೊಡ್ಡ ಪೇಟೆಯ ಒಂದು ಕಂಪೆನಿ ನಮ್ಮ ಮೂರೂ ಭಾಗಗಳನ್ನು ಸೇರಿಸಿ ಚಂದದ ಪೆಟ್ಟಿಗೆಯಲ್ಲಿ ಆಟ ತಂದಿತ್ತು. ಮುಚ್ಚಳದ ಮೇಲೆ ಹೋಟೆಲಿನ ಚಿತ್ರ. ಒಳಗೆ ನಮ್ಮ ಯಾರ ಹೆಸರೂ ಇಲ್ಲ, ಪರವಾನಗಿಯ ಸುದ್ದಿಯೂ ಇಲ್ಲ. ಕೆಳಗೆ "ಎಲ್ಲ ಹಕ್ಕುಗಳೂ ನಮ್ಮವು". ಅಷ್ಟಕ್ಕೇ ನಿಂತಿದ್ದರೆ ಒಂದು ಕಾಗದ ಬರೆದು ಮುಗಿಸುತ್ತಿದ್ದೆನೋ ಏನೋ. ಆದರೆ ಆ ಕಂಪೆನಿ ನಕಲು ಹುಡುಕಲು ಯಾವುದೋ ಏಜೆನ್ಸಿಯನ್ನು ಇಟ್ಟಿತ್ತು. ಏಜೆನ್ಸಿಯ ಯಂತ್ರ, ಟೀಚರ್ ತಮ್ಮ ಕೈಸನ್ನೆಯ ಪುಟಗಳನ್ನು ಉಚಿತವಾಗಿ ಹಾಕಿದ್ದ ಜಾಲತಾಣಕ್ಕೆ ಹೋಗಿ, ಇದು ನಮ್ಮ ಮಾಲು ಎಂದು ದೂರು ಕೊಟ್ಟಿತ್ತು. ಜಾಲತಾಣದವರು ಪುಟ ತೆಗೆದುಹಾಕಿದರು. ಟೀಚರ್ ಖಾತೆ ತೆರೆದದ್ದು ಶಾಲೆಯ ಇಮೇಲಿನಲ್ಲಿ. ಹಾಗಾಗಿ "ನಿಮ್ಮಲ್ಲಿಯವರು ಕೃತಿಚೌರ್ಯ ಮಾಡಿದ್ದಾರೆ" ಎಂಬ ಪತ್ರ ನೇರ ಶಾಲೆಯ ಕಾರ್ಯದರ್ಶಿಗಳ ಕೈಗೆ ಹೋಯಿತು.

ಟೀಚರದ್ದು ಇನ್ನೂ ಖಾಯಂ ಆಗದ ನೌಕರಿ. ತಿಂಗಳ ಕೊನೆಗೆ ಆಡಳಿತ ಸಮಿತಿಯ ಸಭೆ. ಅದರಲ್ಲೇ ಅವರನ್ನು ಖಾಯಂ ಮಾಡುವ ವಿಷಯವಿತ್ತು. ಈಗ ಅದೇ ಸಭೆಗೆ ಬಂದು ವಿವರಣೆ ಕೊಡಬೇಕು.

"ಸಭೆಗೆ ಮುಂಚೆ ಅದ್ ಸುಳ್ಳ್ ಅಂದೇಳಿ ಯಾರಾರೂ ಬರ್ದ್ ಕೊಡ್ಕ್ ಅಣ್ಣ. ನಾನ್ ಬಾಯಲ್ಲ್ ಹೇಳ್ರೆ ಯಾರ್ ನಂಬ್ತ್ರ್?"

"ಬರ್ಸಿ ಕೊಡ್ತೆ" ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಮೊದಲು ಮಾಡಿದ್ದು ಅವಸರದ ಕೆಲಸ. ಕಂಪೆನಿಗೆ "ನೀವು ಕದ್ದಿದ್ದೀರಿ" ಎಂದು ಬರೆದೆ. ಮರುದಿನವೇ ಉತ್ತರ: "ಯಾರು ಬೇಕಾದರೂ ಬಳಸಬಹುದು, ಮಾರಬಹುದು ಎಂದು ನಿಮ್ಮ ಪುಸ್ತಕದಲ್ಲೇ ಇದೆ. ಕಳವು ಎಲ್ಲಿ ಬಂತು?" ಓದಿ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿ. ನಕಲು ಮಾಡಿದ್ದು ತಪ್ಪಲ್ಲ. ನಕಲಿನ ಜೊತೆ ಮಾಡಬೇಕಾದ್ದನ್ನು ಮಾಡದ್ದು ತಪ್ಪು. ಮುಕ್ತವಾಗಿ ಬಿಟ್ಟದ್ದನ್ನು ಕಾಯುವವನು ಕಳ್ಳ ಕಳ್ಳ ಎಂದು ಕೂಗಿ ಪ್ರಯೋಜನವಿಲ್ಲ.

ಜಾಲತಾಣಕ್ಕೆ ಟೀಚರ ಪರವಾಗಿ ಪ್ರತಿ-ಅರ್ಜಿ ಹಾಕುವ ದಾರಿಯಿತ್ತು. ಹಾಕಿಸಿದೆವು. ಅದಕ್ಕೆ ಅವರದೊಂದು ಕ್ರಮ: ದೂರು ಕೊಟ್ಟವರು ಕೋರ್ಟಿಗೆ ಹೋಗುತ್ತಾರೋ ಎಂದು ಕೆಲವು ವಾರ ಕಾದು ನೋಡಿ ಆಮೇಲೆ ಪುಟ ವಾಪಸು. ಅಷ್ಟರಲ್ಲಿ ಸಮಿತಿಯ ಸಭೆ ಮುಗಿದಿರುತ್ತಿತ್ತು. ಸಾಲದ್ದಕ್ಕೆ ಟೀಚರ್ ಆಗಾಗ ತಿದ್ದಿ ಹೊಸ ಪ್ರತಿ ಏರಿಸುವವರು. ಜಾಲತಾಣದಲ್ಲಿ ಕಾಣುತ್ತಿದ್ದುದು ಕೊನೆಯ ಪ್ರತಿಯ ತಾರೀಕು, ಅದು ಕಂಪೆನಿಯ ಪೆಟ್ಟಿಗೆಗಿಂತ ಈಚಿನದು. ಮೇಲ್ನೋಟಕ್ಕೆ ಕಂಪೆನಿಯೇ ಮೂಲ, ಟೀಚರೇ ನಕಲು. ಬೇಗ ಆಗಬೇಕೆಂದರೆ ಒಂದೇ ದಾರಿ, ದೂರನ್ನು ಕಂಪೆನಿಯೇ ಹಿಂದೆಗೆಯಬೇಕು.

ಹಾಗಾದರೆ ಕಂಪೆನಿಯನ್ನು ಹಿಡಿಯುವುದು ಹೇಗೆ? ಒಂದು ಪೆಟ್ಟಿಗೆ ತರಿಸಿ, ಅದರ ಪುಸ್ತಕವನ್ನೂ ನಮ್ಮದನ್ನೂ ಎದುರುಬದುರು ಬಿಡಿಸಿಟ್ಟು ಕೂತೆ. ಆಟದ ಉಪಾಯಕ್ಕೆ ಯಾರಿಗೂ ಹಕ್ಕಿಲ್ಲ. ಕವಡೆ ಎಸೆದು ಎಣಿಸುವುದು ನನ್ನ ಸ್ವತ್ತೇ? ಹಕ್ಕಿರುವುದು ಅದನ್ನು ಹೇಳಿದ ಮಾತಿಗೆ, ಬರೆದ ಚಿತ್ರಕ್ಕೆ, ಜೋಡಿಸಿದ ಕ್ರಮಕ್ಕೆ. ಇದ್ದದ್ದು ಇದ್ದ ಹಾಗೆ ಎತ್ತಿದ ವಾಕ್ಯಕ್ಕೆ ಹಸಿರು ಪೆನ್ಸಿಲು, ತಿರುಗಿಸಿ ಬರೆದದ್ದಕ್ಕೆ ಹಳದಿ, ಅವರದೇ ಹೊಸತಾದರೆ ಕೆಂಪು. ನನ್ನ ನಿಯಮಗಳ ಪುಟದಲ್ಲಿ ಹಳದಿಯೇ ಹೆಚ್ಚು, ಜಾಣರು, ತಿರುಗಿಸಿದ್ದರು. ಮಾವನ ಹೋಟೆಲು ಅರ್ಧ ಹಸಿರು, ಅರ್ಧ ಹಳದಿ. ಟೀಚರ ಕೈಸನ್ನೆಗೆ ಬಂದಾಗ ಪೆನ್ಸಿಲು ಬದಲಿಸುವ ಕೆಲಸವೇ ಇರಲಿಲ್ಲ. ಪುಟ ಮಗುಚಿದಂತೆಲ್ಲ ಬರೀ ಹಸಿರು. ಚಿತ್ರ ಮಾತ್ರ ಹೊಸದು, ದೊಡ್ಡ ದೊಡ್ಡ ಬಣ್ಣದ ಕಾರ್ಡುಗಳು. ಅವು ಕೆಂಪು.

ಅದನ್ನೆಲ್ಲ ಹಿಡಿದು ಬೈಂದೂರಿಗೆ ಹೋದೆ. ಅಲ್ಲಿಯ ಕೋರ್ಟಿನಲ್ಲಿ ನನಗೆ ಪರಿಚಯದ ವಕೀಲರೊಬ್ಬರಿದ್ದಾರೆ. ಜಾಗದ ತಕರಾರು ನೋಡಿ ನೋಡಿ ಹಣ್ಣಾದವರು. ಆಟವೆಂದರೆ ಏನೆಂದು ಅವರಿಗೆ ತಿಳಿಸುವುದೇ ಒಂದು ಹರಸಾಹಸ.

"ಅಲ್ಲ ಮಾರಾಯ್ರೆ, ಈ ಆಟದಲ್ಲ್ ಕಡಿಗೆ ಗೆಲ್ಲುದ್ ಯಾರ್?"

"ಯಾರೂ ಗೆಲ್ಲುದಿಲ್ಲ ವಕೀಲ್ರೇ. ಕತೆ ಮುಂದೆ ಹೋಪುದ್, ಅಷ್ಟೇ."

"ಹಾಂಗಾರೆ ನಮ್ ಕೋರ್ಟ್ ಇದ್ದಂಗೇ ಇತ್ತ್. ಕೂಕಣಿ."

ಕೂತೆ. ಹಸಿರು ಪುಟಗಳನ್ನು ಅವರು ಗಂಭೀರವಾಗಿ ನೋಡಿದರು. ನೋಟಿಸಿನ ಕರಡು ಅಲ್ಲೇ ಆಯಿತು: ಕಟ್ಟುಪಾಡು ಮುರಿದದ್ದರಿಂದ ನಿಮ್ಮ ಪರವಾನಗಿ ಬಿದ್ದಿದೆ, ಸರಿಪಡಿಸದಿದ್ದರೆ ನಿಮ್ಮ ಪೆಟ್ಟಿಗೆಯ ಮೇಲೆಯೇ ನಾವು ದೂರು ಕೊಡುತ್ತೇವೆ. ಕಳಿಸಿ ಬಂದ ದಿನ ನನಗೆ ಸ್ವಲ್ಪ ನಿರಾಳ.

ನಿರಾಳ ಹೆಚ್ಚು ಬಾಳಲಿಲ್ಲ. ಕಂಪೆನಿಯ ಉತ್ತರದ ಜೊತೆ ಒಂದು ಧ್ವನಿಮುದ್ರಣ ಬಂತು. ಪರವಾನಗಿ ಬಿದ್ದರೂ ನಮಗೆ ಚಿಂತೆಯಿಲ್ಲ, ಪುಸ್ತಕದ ಹಿರಿಯ ಲೇಖಕರೇ ನಮಗೆ ಬೇರೆ ಅನುಮತಿ ಕೊಟ್ಟಿದ್ದಾರೆ, ಕೇಳಿ ಎಂದು ಬರೆದಿದ್ದರು. ಕೇಳಿದೆ. ಕೋಟೇಶ್ವರದ ಮಾವನ ಗಂಟಲು. ಮುಂಬಯಿಯಿಂದ ಬಂದು ಎಷ್ಟೋ ಕಾಲವಾದರೂ ಬಿಡದ ಆ ಹಿಂದಿ ಸಮೇತ: "ಅರೆ, ಬಿಂದಾಸ್ ತಕಣಿ ಮಾರಾಯ್ರೆ. ನನ್ನನ್ನೆಂತ ಕೇಂಬುದ್?"

ಸ್ಕೂಟರು ಹತ್ತಿ ನೇರ ಕೋಟೇಶ್ವರಕ್ಕೆ ಹೋದೆ. ಮಾವ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು.

"ಹ್ವಾಯ್, ಬಾ ಮಾಣಿ. ಚಾ ಕುಡೀತ್ಯಾ?"

"ಮಾವ, ಆ ಪೇಟೆಯವ್ರಿಗೆ ಪುಸ್ತಕ ತಕಣಿ ಅಂದೇಳಿ ಹೇಳಿದ್ರ್ಯಾ?"

"ಹೇಳಿದ್ದೆ."

"ಎಂತಕ್ಕೆ ಹೇಳಿದ್ರಿ?"

"ಕೇಂಡ್ರಲ್ಲ, ಅದ್ಕೆ. ಫೋನ್ ಮಾಡ್ದವನ ಅಬ್ಬಿ ಊರ್ ಶಂಕರನಾರಾಯಣ ಅಂಬ್ರ್. ಯಾರ ಮನೆ, ದೇವಸ್ಥಾನದಿಂದ ಯಾವ್ ಬದಿ ಅಂದೇಳಿ ಎಲ್ಲ ಕೇಂಡೆ. ಬರಾಬರ್ ಹೇಳ್ದ. ಊರ್ ಬದಿಯವ, ಇಲ್ಲ ಅಂಬುದ್ ಹ್ಯಾಂಗೆ?"

ನನಗೆ ಎಲ್ಲ ಅರ್ಥವಾಯಿತು. ಮಾವನ ಹೋಟೆಲಿನ ಕ್ರಮವೇ ಅದು. ಊರಿನ ಹೆಸರು ಹೇಳಿ ಯಾರು ಬಂದರೂ ಅವತ್ತಿನ ಊಟ, ಮಲಗಲು ಒಂದು ಚಾಪೆ, ಹಿಂದೆ ಮುಂದೆ ಕೇಳುವುದೆಲ್ಲ ಮನೆ ಯಾವುದು ಎಂಬುದಷ್ಟೇ. ಅವರ ಅಧ್ಯಾಯದಲ್ಲೇ ಆ ನಿಯಮ ಇದೆ; ಮರೆತ ಆಟಗಾರನ ಕವಡೆ ಒಂದು ಕಡಿಮೆ. ಅವರು ಕಂಪೆನಿಯವನಿಗೆ ಮನೆ ವಿಚಾರಿಸಿದರು. ಪುಸ್ತಕ ಏನು ಮಾಡುತ್ತೀರಿ ಎಂದು ವಿಚಾರಿಸಲಿಲ್ಲ.

ಅಲ್ಲಿಂದಲೇ ವಕೀಲರಿಗೆ ಫೋನು ಮಾಡಿದೆ. ಅವರಿಗೆ ದಾರಿ ತಕ್ಷಣ ಹೊಳೆಯಿತು. ಹಿರಿಯರಿಗೆ ವಯಸ್ಸಾಗಿದೆ, ಕಿವಿ ಮಂದ, ಏನು ಕೇಳಿದರೆಂದು ಗೊತ್ತಾಗದೆ ಹೂಂ ಅಂದರು ಎಂದು ಒಂದು ಹೇಳಿಕೆಗೆ ಅವರ ಸಹಿ ಮಾಡಿಸಿ. ಅನುಮತಿ ಬಿದ್ದುಹೋಗುತ್ತದೆ, ಇಡೀ ಪುಸ್ತಕ ನಮ್ಮ ಕೈಗೆ ಬರುತ್ತದೆ, ಕಂಪೆನಿ ಪೆಟ್ಟಿಗೆ ವಾಪಸು ತರಿಸಬೇಕಾಗುತ್ತದೆ.

ನಾನು ತಡವರಿಸುತ್ತ ಮಾವನಿಗೆ ಹೇಳಿದೆ. ಅವರ ಅಡಕತ್ತರಿ ನಿಂತಿತು.

"ಕಿವಿ ಕೇಂತಿಲ್ಲೆ ಅಂದೇಳಿ ಬರ್ದ್ ಕೊಡ್ಕಾ? ಮಗಾ, ಒಳ್ಗೆ ನಿನ್ನತ್ತೆ ನನ್ನ ಬೈಯುದ್ ಇಲ್ಲಿಗ್ ಸಮಾ ಕೇಂತ್."

ಒಳಗಿನಿಂದ ಅತ್ತೆಯ ಧ್ವನಿ ಬಂತು: "ಕೇಂಡ್ರೂ ಕೇಂಡಂಗ್ ಮಾಡುದಿಲ್ಲೆ, ಅದ್ ಬರ್ದ್ ಕೊಡುಕ್ ಹೇಳ್!"

"ಟೀಚರ್ ಕೆಲ್ಸ ಹೋತ್ ಮಾವ" ಎಂದೆ.

ಮಾವ ಅಡಕತ್ತರಿಯನ್ನು ತಟ್ಟೆಯಲ್ಲಿಟ್ಟರು. ಆಮೇಲೆ ನಿಧಾನವಾಗಿ, "ಆ ಹೆಣ್ಣಿನ್ ಅನ್ನ ಹೋಪುದ್ ನಂಗೂ ಬ್ಯಾಡ. ಆರೆ ಕೊಟ್ಟದ್ದ್ ಕೊಟ್ಟದ್ದೇ. ನಾನ್ ಕೊಟ್ಟದ್ದ್ ನನ್ ಹೋಟ್ಲ್. ಅವ್ಳ್ ಕೈಸನ್ನೆ ಕೊಡುಕೆ ನಾನ್ ಯಾರ್?" ಎಂದರು.

ಆ ಮಾತು ತಲೆಯಲ್ಲಿಟ್ಟುಕೊಂಡು ಮರುದಿನ ಮತ್ತೆ ಬೈಂದೂರಿಗೆ ಹೊರಟೆ. ತ್ರಾಸಿಯಲ್ಲಿ ಸ್ಕೂಟರು ನಿಲ್ಲಿಸಿ, ಹೆದ್ದಾರಿಯ ಬದಿಯ ಕಟ್ಟೆಯ ಮೇಲೆ ಕೂತು ಮನಸ್ಸು ಗಟ್ಟಿ ಮಾಡಿಕೊಂಡೆ. ಮಾವನ ಅಧ್ಯಾಯ ಮಾವನೊಬ್ಬರದು, ಅವರ ಹೆಸರಲ್ಲೇ ಇದೆ. ಯಾರಿಗೂ ಕಟ್ಟುಪಾಡಿಲ್ಲದೆ ಕೊಡುವ ಹಕ್ಕು ಅವರಿಗಿದೆ, ಕೊಟ್ಟೂ ಆಗಿದೆ. ನಾವು ಅದನ್ನೇ ಒಪ್ಪಿಕೊಂಡು ಬರೆದರೆ? ಹೋಟೆಲು ಹೋಗುತ್ತದೆ. ನಮ್ಮ ಪುಸ್ತಕವನ್ನು ಜನ ಹುಡುಕಿಕೊಂಡು ಬರುತ್ತಿದ್ದುದೇ ಅದಕ್ಕಾಗಿ. ಅದು ಮಾವನ ಹೆಸರಿಲ್ಲದೆ ಇನ್ನೊಬ್ಬರ ಪೆಟ್ಟಿಗೆಯ ಮುಚ್ಚಳದ ಮೇಲೆ ಉಳಿಯುತ್ತದೆ, ನಾವು ಏನೂ ಅನ್ನುವ ಹಾಗಿಲ್ಲ. ಆದರೆ ಒಪ್ಪಿಕೊಂಡ ಮೇಲೆ ಆ ಧ್ವನಿಮುದ್ರಣ ಹೋಟೆಲಿಗಿಂತ ಆಚೆ ಒಂದು ಹೆಜ್ಜೆ ಬರುವುದಿಲ್ಲ. ಕೈಸನ್ನೆಯ ಹಸಿರು ಪುಟಗಳಿಗೆ ಅವರ ಬಳಿ ಉತ್ತರವಿಲ್ಲ.

ವಕೀಲರು ಕೆಂಡವಾದರು.

"ಕೈಯಲ್ಲಿದ್ದ ಹಗ್ಗ ನೀವೇ ಬಿಡ್ತ್ರಿ ಅಲ್ದಾ? ಒಂದ್ ಸಹಿ, ಒಂದೇ ಸಹಿ!"

"ಆ ಸಹಿ ಸುಳ್ಳ್ ವಕೀಲ್ರೇ. ಟೀಚರ್ ಮೇಲ್ ಬಂದದ್ದೂ ಸುಳ್ಳ್ ದೂರೇ. ಅದನ್ನ ತೆಗ್ಸುಕೆ ನಾವೊಂದ್ ಸುಳ್ಳ್ ಬರುದಾ?"

ಅವರು ಕನ್ನಡಕ ತೆಗೆದು ಒರೆಸಿದರು. "ನಿಮ್ಮಂಥ ಕಕ್ಷಿಗಾರ್ರ್ ಇನ್ನಿಬ್ರ್ ಬಂದ್ರೆ ನಾನ್ ಬಾಗ್ಲ್ ಹಾಕುದೇ" ಎಂದವರು, ಹೊಸ ಹಾಳೆ ಎಳೆದುಕೊಂಡರು.

ಎರಡನೇ ನೋಟಿಸು ಚಿಕ್ಕದಾಗಿತ್ತು. ಹೋಟೆಲು ಅಧ್ಯಾಯಕ್ಕೆ ಅದರ ಲೇಖಕರ ಅನುಮತಿ ನಿಮಗಿದೆ, ನಮ್ಮ ತಕರಾರಿಲ್ಲ. ಕೈಸನ್ನೆಯ ಅಧ್ಯಾಯಕ್ಕೆ ಇಲ್ಲ. ಅದರ ಲೇಖಕಿಯನ್ನು ನೀವು ಕೇಳಿಯೇ ಇಲ್ಲ. ಪರವಾನಗಿಯ ದಾರಿ ಇನ್ನೂ ತೆರೆದಿದೆ. ಲೇಖಕಿಯ ಮೇಲಿನ ದೂರನ್ನು ಸಭೆಯ ದಿನದೊಳಗೆ ಹಿಂದೆಗೆದು, ಹಾಗೆಂದು ಶಾಲೆಗೂ ಬರೆಯಿರಿ. ತಿಂಗಳೊಳಗೆ ಲೇಖಕಿಯ ಹೆಸರನ್ನೂ ನಿಯಮಗಳಿಗೆ ನನ್ನ ಹೆಸರನ್ನೂ ಹಾಕಿ, ಆ ಭಾಗಗಳನ್ನು ನಿಮ್ಮ ಚಿತ್ರಗಳ ಸಮೇತ ಅದೇ ಪರವಾನಗಿಯಲ್ಲಿ ಬಿಡಿ. ಪರಿಹಾರ ನಮಗೆ ಬೇಡ. ಮಾಡದಿದ್ದರೆ ಪೆಟ್ಟಿಗೆಯ ಮಾರಾಟವನ್ನೇ ನಿಲ್ಲಿಸಲು ಕೋರ್ಟನ್ನು ಕೇಳುತ್ತೇವೆ. ಹಸಿರು ಗುರುತಿನ ಪುಟಗಳನ್ನೂ, ಟೀಚರ ಅಧ್ಯಾಯವಿದ್ದ ನಮ್ಮ ಎರಡನೇ ಮುದ್ರಣದ ಪ್ರತಿಯನ್ನೂ ಜೊತೆಗಿಟ್ಟೆವು. ಅದು ಪೆಟ್ಟಿಗೆಗಿಂತ ಎಷ್ಟೋ ಮುಂಚಿನದು.

ಉತ್ತರವಿಲ್ಲ. ಸಭೆ ಹತ್ತಿರ ಬರುತ್ತಿತ್ತು. ಟೀಚರ್ ದಿನಾ ಫೋನು ಮಾಡುತ್ತಿದ್ದವರು ಮಾಡುವುದನ್ನೇ ಬಿಟ್ಟರು, ಅದು ಇನ್ನೂ ಕಷ್ಟ. ಸಭೆಯ ಹಿಂದಿನ ದಿನ ಕಂಪೆನಿಯಿಂದ ಕರೆ ಬಂತು. ಮಾವನಿಗೆ ಫೋನು ಮಾಡಿದ್ದ ಅದೇ ಸಂಪಾದಕ.

"ಸರ್, ಒಂದು ಸಂಶಯ. ಇವತ್ತು ಕೈಸನ್ನೆ ಕೇಳ್ತೀರಿ, ಒಪ್ಪಿದೆವು ಅಂತಿಟ್ಟುಕೊಳ್ಳಿ. ನಾಳೆ ಹೋಟೆಲೂ ನಮ್ಮದೇ ಅಂದರೆ?"

"ಹೋಟೆಲು ಕೊಟ್ಟದ್ದು ಕೊಟ್ಟದ್ದೇ ಅಂತ ಹಿರಿಯರು ಹೇಳಿದ್ದಾರೆ. ನಾನು ಸಹಿ ಹಾಕಿ ಬರೆದೂ ಕೊಟ್ಟಿದ್ದೇನೆ."

"ಅವರು ಅನುಮತಿಯನ್ನು ಅಲ್ಲಗಳೆಯುತ್ತಾರೆ ಅಂತ ನಮ್ಮ ವಕೀಲರು ಕಾಯುತ್ತಿದ್ದರು."

"ನಿಮ್ಮ ಅಮ್ಮನ ಊರು ಶಂಕರನಾರಾಯಣ ಅಂದಿದ್ದಿರಂತೆ."

"ಅದು ಸುಳ್ಳಲ್ಲ ಸರ್" ಎಂದ.

"ಸುಳ್ಳು ಅಂತ ನಾನು ಹೇಳಲಿಲ್ಲ. ಹಿರಿಯರಿಗೆ ಅಷ್ಟೇ ಸಾಕಾಯಿತು. ಟೀಚರಿಗೆ ನಾಳೆ ಹನ್ನೊಂದಕ್ಕೆ ಸಭೆ."

ಅವನು ನೋಡುತ್ತೇನೆ ಎಂದ. ಅಷ್ಟೇ.

ಬ್ರಹ್ಮಾವರದ ಆ ಶಾಲೆಯ ಕಚೇರಿಯ ಹೊರಗೆ ಬೆಂಚಿನ ಮೇಲೆ ಟೀಚರೂ ನಾನೂ ಕೂತೆವು. ಒಳಗೆ ಸಮಿತಿಯವರು ಬೇರೆ ವಿಷಯ ಮುಗಿಸುತ್ತಿದ್ದರು. ಟೀಚರ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಡುವುದು. ಅಂಗಳದಲ್ಲಿ ಅವರ ಮಕ್ಕಳು, ಅವರಿಗೆ ಇದ್ಯಾವುದೂ ಗೊತ್ತಿಲ್ಲ, ದೂರದಿಂದಲೇ ಕೈಸನ್ನೆಯಲ್ಲಿ "ನನ್ನ ಸರದಿ" ಎಂದು ಟೀಚರನ್ನು ಕರೆಯುತ್ತಿದ್ದರು. ಟೀಚರ್ ಕೈಯೆತ್ತಿ "ನಿಲ್ಲಿ" ಎಂದರು. ಪತ್ರ ಬಂದಿರಲಿಲ್ಲ. ಹೆಸರು ಕರೆದರು. ಟೀಚರ್ ಎದ್ದು ಒಳಗೆ ಹೋದರು. ನನ್ನನ್ನು ಬಿಡಲಿಲ್ಲ, ನಾನು ಹೊರಗಿನವನು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕಾರ್ಯದರ್ಶಿಗಳು ಕೇಳುವುದು ಕೇಳಿಸುತ್ತಿತ್ತು. "ಇದ್ ನೀವೇ ಮಾಡ್ದದ್ದ್ ಅಂಬುದಕ್ಕೆ ನಿಮ್ ಮಾತ್ ಬಿಟ್ರೆ ಎಂತ ಇತ್ತ್?" ಟೀಚರ್ ನಮ್ಮ ಪುಸ್ತಕ ತೋರಿಸಿದರು. "ಅದ್ ನಿಮ್ ಗುರ್ತದವ್ರದ್ದೇ ಪ್ರಕಾಶನ ಅಲ್ದಾ?" ಅಷ್ಟರಲ್ಲಿ ಒಳಗೆ ಗುಮಾಸ್ತರ ಕುರ್ಚಿ ಸರಿದ ಸದ್ದು. "ಸಾರ್, ಶಾಲೆ ಇಮೇಲಿಗೆ ಒಂದ್ ಬಂದಿತ್ತ್. ಅದೇ ಕಂಪೆನಿದ್."

ಗುಮಾಸ್ತರು ಗಟ್ಟಿಯಾಗಿ ಓದಿದರು. ದೂರು ತಪ್ಪಿನಿಂದ ಆದದ್ದು, ಹಿಂದೆಗೆದಿದ್ದೇವೆ, ಕೈಸನ್ನೆಯ ಅಧ್ಯಾಯದ ಮೂಲ ಲೇಖಕಿ ನಿಮ್ಮ ಶಾಲೆಯ ಶಿಕ್ಷಕಿ, ಅವರ ಹೆಸರಿನೊಡನೆ ಪರವಾನಗಿಯ ಪ್ರಕಾರ ಪ್ರಕಟಿಸುತ್ತೇವೆ. ಕ್ಷಮೆ ಎಂಬ ಶಬ್ದ ಅದರಲ್ಲಿ ಇರಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

ಖಾಯಂ ಆದೇಶ ಅದೇ ಸಭೆಯಲ್ಲಿ ಆಯಿತು. ಹೊರಗೆ ಬಂದ ಟೀಚರ್ ಮೊದಲು ಹೇಳಿದ್ದು, "ಅಣ್ಣ, ಊಟ ಆಯ್ತಾ ನಿಮ್ದ್?"

ಕಂಪೆನಿ ಮಾತು ಉಳಿಸಿಕೊಂಡಿತು. ಪೆಟ್ಟಿಗೆಯೊಳಗೆ ಪರವಾನಗಿಯ ಹಾಳೆ ಬಂತು, ಟೀಚರ ಹೆಸರು ಬಂತು, ನಿಯಮಗಳಿಗೆ ನನ್ನ ಹೆಸರೂ. ಹೋಟೆಲಿಗೆ ಮಾವನ ಹೆಸರು ಬರಲಿಲ್ಲ. ಮಾವನಿಗೆ ಪೆಟ್ಟಿಗೆ ತೋರಿಸಿದೆ. ಮುಚ್ಚಳದ ಚಿತ್ರ ನೋಡಿ, "ದೋಸೆ ಕಾವ್ಲಿ ಇಡು ಜಾಗ ತಪ್ಪ್" ಎಂದರು. ಅವರ ಹೆಸರಿಲ್ಲದ್ದು ನನಗೆ ಈಗಲೂ ಒಳಗೆ ಚುಚ್ಚುತ್ತದೆ.

ಆ ಬಣ್ಣದ ಕಾರ್ಡುಗಳು ಮುಕ್ತವಾದ ವಾರವೇ ಟೀಚರ್ ಕುಂದಾಪುರಕ್ಕೆ ಬಂದರು. ಕೈಯಲ್ಲಿ ಎರಡು ಕಾರ್ಡು.

"ಇದ್ ಕಾಣಿ ಅಣ್ಣ. 'ನಿಲ್ಲಿ' ಅಂಬಲ್ಲಿ 'ನನ್ನ ಸರದಿ' ಕೈ, 'ನನ್ನ ಸರದಿ' ಅಂಬಲ್ಲಿ 'ನಿಲ್ಲಿ' ಕೈ. ಅದಲು ಬದಲು! ಹೆದ್ರಿದ ಮಗು ನಿಲ್ಸಿ ಅಂದ್ರೆ ಇವ್ರ್ ಅದ್ಕೇ ಆಡುಕ್ ಹೇಳ್ತ್ರಾ? ಸರಿ ಮಾಡುಕ್ ಹೇಳುಕಾತ್ತಾ?"

"ಹೇಳುಕಾತ್. ಅವ್ರ್ ಮಾಡ್ಕ್ ಅಂದೇಳಿ ಇಲ್ಲೆ. ಬದಲಿಸುಕೆ ನಾವೇ ಬಿಟ್ಟದ್ದಲ್ದಾ."

"ಹಾಂಗಾರೆ ತಪ್ಪ್ ಮಾಡುಕೂ ನಾವೇ ಪರ್ಮಿಷನ್ ಕೊಟ್ಟದ್ದಾ!"

"ಹೌದ್. ಆರೆ ಅವ್ರ ಕಾರ್ಡನ್ನ ಸರಿ ಮಾಡುಕೆ ಈಗ ನಿಮ್ಗೂ ಪರ್ಮಿಷನ್ ಇತ್ತ್."

ಅವರು ಕುರ್ಚಿ ಎಳೆದು ಕೂತರು. ದೊಡ್ಡ ಅಕ್ಷರದ, ಒಳ್ಳೆ ಬಣ್ಣದ ಕಾರ್ಡುಗಳು; ನಮ್ಮ ಕೈಯಲ್ಲಿ ಅಂಥವು ಆಗುತ್ತಿರಲಿಲ್ಲ. ಸಂಜೆಯವರೆಗೆ ಕೂತು ಎರಡು ಚಿತ್ರಗಳನ್ನು ಅದರದರ ಜಾಗಕ್ಕೆ ಹಾಕಿ ಹೊಸ ಪ್ರತಿ ಸಿದ್ಧ ಮಾಡಿದೆವು. ಕೊನೆಯಲ್ಲಿ ಹೆಸರುಗಳ ಪುಟ. ಮೊದಲು ಟೀಚರ ಹೆಸರು. ಅದರ ಕೆಳಗೆ ನನ್ನ ಬೆರಳು ನಿಂತಿತು. ಚಿತ್ರ ಕಂಪೆನಿಯದು, ಕಟ್ಟುಪಾಡು ಕಟ್ಟುಪಾಡೇ.

"ಹಾಕ್ಕಲ್ದಾ?" ಎಂದರು ಟೀಚರ್.

"ಹಾಕ್ಕ್."

"ಮತ್ತೆಂತ ಕಾಂತ್ರಿ? ಹಾಕಿ."

ತಮ್ಮನ್ನು ಕಳ್ಳಿ ಎಂದ ಕಂಪೆನಿಯ ಹೆಸರನ್ನು, ಅದೇ ಗಾತ್ರದ ಅಕ್ಷರದಲ್ಲಿ, ಟೀಚರ್ ನನ್ನಿಂದ ಬರೆಸಿದರು. "ಎಂತ ಬದಲಿಸಿದ್ದ್ ಅಂಬುದೂ ಬರೀಕ್ ಅಲ್ದಾ ಅಣ್ಣ?" ಎಂದು ಕೇಳಿ, ನಾನು ಹೌದೆನ್ನುವ ಮೊದಲೇ, ಪಾಠ ಹೇಳಿಕೊಡುವವರ ಹಾಗೆ ಒಂದೊಂದೇ ಶಬ್ದ ಬಿಡಿಸಿ ಹೇಳಿದರು:

"ಕಂಪೆನಿಯ ಕಾರ್ಡುಗಳಲ್ಲಿ ಅದಲುಬದಲಾಗಿದ್ದ 'ನಿಲ್ಲಿ', 'ನನ್ನ ಸರದಿ' ಚಿತ್ರಗಳನ್ನು ಲೇಖಕಿಯೇ ಸರಿಪಡಿಸಿದ್ದಾರೆ."